ದೊಡ್ಡಮ್ಮ ಕಳಿಸಿದ ಮೋರಿ ನೀರು

ನಾನು ಕೇಳಿದ್ದು ಮೋರಿ ನೀರು. ಕೊಟ್ಟಿಗೆಯ ಹಿಂದೆ ಹಸುವಿನ ಗಂಜಲ, ಹಂದಿಗೂಡಿನ ರಾಡಿ, ಬಚ್ಚಲ ನೀರು ಎಲ್ಲ ಕಲೆತು ಹಸಿರುಗಟ್ಟಿ ನಿಂತಿರುತ್ತದಲ್ಲ, ಅದು. ನಮ್ಮೂರಿರುವ ಕಾಖೇತಿ ಸೀಮೆಯ ಕಡೆಯಿಂದ ರಾಜಧಾನಿ ತಿಬಿಲಿಸಿಗೆ ಬರುವ ವ್ಯಾನಿನ ಡ್ರೈವರು ನಿಲ್ದಾಣದಲ್ಲಿ ನನ್ನ ಕೈಗಿತ್ತ ಚೀಲದಲ್ಲಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆ ಸುತ್ತಿದ ಗಾಜಿನ ಬಾಟಲಿಯೊಂದಿತ್ತು. ಜೊತೆಗೆ ಉಂಡೆ ಚೀಸು, ಒಲೆಯ ಗೋಡೆಗೆ ಬಡಿದು ಸುಟ್ಟ ಉದ್ದನೆಯ ರೊಟ್ಟಿ, ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಅಕ್ರೋಟದ ಸರ.

"ಏನಕ್ಕಾ ಇದು? ಬಾಟ್ಲಿ ಮಡಿಲಲ್ಲಿಟ್ಕೊಂಡೇ ಗಾಡಿ ಓಡಿಸು ಅಂದ್ರು ನಿಮ್ಮ ದೊಡ್ಡಮ್ಮ. ಚರ್ಚಿನ ತೀರ್ಥವಾ?" ಎಂದ ಡ್ರೈವರು.

"ಮೋರಿ ನೀರು."

"ಹೇಳೋಕೆ ಇಷ್ಟ ಇಲ್ದಿದ್ರೆ ಬಿಡಿ, ತಮಾಷೆ ಯಾಕೆ?" ಎಂದು ಮುಖ ತಿರುಗಿಸಿಕೊಂಡು ಹೋದ.

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಡ್ರೈವರನದು ತಪ್ಪಲ್ಲ, ಒಳಗಿನ ನೀರು ಹಾಗೇ ಇತ್ತು. ಆಚೆ ಬದಿಯ ಟ್ಯಾಕ್ಸಿ ಸ್ಟ್ಯಾಂಡಿನ ಬೋರ್ಡು ಅದರ ಮೂಲಕ ಓದುವಷ್ಟು ತಿಳಿಯಾಗಿತ್ತು.

ನನ್ನ ಹೆಸರು ಮಾಕವಾಲ. ತಿಬಿಲಿಸಿಯಲ್ಲಿ ನದಿಯ ದಂಡೆಯ ಮೇಲಿರುವ ಒಂದು ಹಳೆಯ ಪ್ರಯೋಗಾಲಯದಲ್ಲಿ ಕೆಲಸ. ನಾವು ಫೇಜ್‌ಗಳನ್ನು ಹುಡುಕುವವರು, ಸಾಕುವವರು. ಫೇಜ್ ಎಂದರೆ ಬ್ಯಾಕ್ಟೀರಿಯಾವನ್ನು ಕೊಂದು ಬದುಕುವ ವೈರಸ್. ಬ್ಯಾಕ್ಟೀರಿಯಾದ ಒಳಹೊಕ್ಕು, ಅಲ್ಲೇ ಮರಿ ಹಾಕಿ, ಅದರ ಹೊಟ್ಟೆ ಒಡೆದುಕೊಂಡು ಹೊರಬರುತ್ತದೆ. ಮನುಷ್ಯನ ತಂಟೆಗೆ ಬರುವುದಿಲ್ಲ. ನಮ್ಮ ಜಾರ್ಜಿಯಾದಲ್ಲಿ ಇದು ಅಜ್ಜಿಯರಿಗೂ ಗೊತ್ತಿರುವ ಮದ್ದು. ಆದರೆ ಒಂದು ಫಜೀತಿಯಿದೆ: ಈ ಬ್ಯಾಕ್ಟೀರಿಯಾಗೆ ಈ ಫೇಜೇ ಆಗಬೇಕು, ಪಕ್ಕದ್ದು ಆಗುವುದಿಲ್ಲ. ಕೈಯಲ್ಲಿರುವ ಯಾವುದೂ ನಾಟದಿದ್ದರೆ ಹೊಸದನ್ನು ಹುಡುಕಬೇಕು. ಹುಡುಕುವುದು ಕೊಳಚೆಯಲ್ಲಿ, ಬ್ಯಾಕ್ಟೀರಿಯಾ ಹೊಟ್ಟೆತುಂಬ ತಿಂದು ಸುಖವಾಗಿರುವ ಕಡೆಯಲ್ಲೇ. ಅದರ ಶತ್ರುವೂ ಅಲ್ಲೇ ಹೊಂಚು ಹಾಕಿಕೊಂಡಿರುತ್ತದೆ.

ನಮ್ಮಲ್ಲಿ ಕೆಳಗಿನ ಮಹಡಿ ಮನುಷ್ಯರ ಗಾಯಗಳಿಗೆ, ಮೇಲಿನದು ಗಿಡಗಳಿಗೆ. ನಾನು ಮೇಲಿನವಳು. ದ್ರಾಕ್ಷಿ ಬಳ್ಳಿಯ ಬುಡದಲ್ಲಿ ಗಂಟು ಕಟ್ಟಿಸುವ ಒಂದು ಬ್ಯಾಕ್ಟೀರಿಯಾದ ಹಿಂದೆ ಬಿದ್ದು ನನ್ನ ತಲೆ ನರೆತಿದೆ. ಅದೆಂಥ ಕಳ್ಳ ಎಂದರೆ, ತನ್ನ ವಂಶವಾಹಿಯ ತುಂಡೊಂದನ್ನು ಬಳ್ಳಿಯೊಳಗೆ ತುರುಕಿ, ಬಳ್ಳಿಯ ಕೈಯಿಂದಲೇ ತನಗೆ ಮನೆ ಕಟ್ಟಿಸಿಕೊಳ್ಳುತ್ತದೆ. ಬೆಳೆಗಳಿಗೆ ಹೊಸ ವಂಶವಾಹಿ ಸೇರಿಸುವ ವಿದ್ಯೆಯನ್ನು ಜಗತ್ತು ಕಲಿತದ್ದು ಈ ಕಳ್ಳನಿಂದಲೇ. ನಾನು ಆ ಕಳ್ಳನನ್ನು ಹಿಡಿಯುವ ಫೇಜ್ ಸಾಕುತ್ತೇನೆ, ಸಸಿ ನೆಡುವ ಮುಂಚೆ ಬೇರುಗಳನ್ನು ಅದರಲ್ಲಿ ಅದ್ದಿಸುತ್ತೇನೆ. "ಗಿಡದ ಡಾಕ್ಟರಮ್ಮ" ಎಂದು ಕೆಳಗಿನ ಮಹಡಿಯ ಎತೇರಿ ನನ್ನನ್ನು ಛೇಡಿಸುವುದು ಇದಕ್ಕೇ. ಮನುಷ್ಯರ ಗಾಯಗಳ ವಿಭಾಗಕ್ಕೆ ಎತೇರಿಯೇ ದೊಡ್ಡವರು. ಸಿಗರೇಟು ಸೇದುತ್ತಾ ಎಲ್ಲರನ್ನೂ ಬೈಯುವ ಮುದುಕಿ; ಮನಸ್ಸು ಮಾತ್ರ ಬೆಣ್ಣೆ.

ಈಗ ನಾನು ಕೆಳಗಿನ ಮಹಡಿಗೆ ಓಡಾಡತೊಡಗಿದ್ದು ಶಾಕ್ರೋ ದೊಡ್ಡಪ್ಪನ ಎಡಗಾಲಿಗಾಗಿ.

ಬೇಸಿಗೆಯಲ್ಲಿ ತೋಟ ಅಗೆಯುವಾಗ ಹಾರೆಯ ಮೊನೆ ಪಾದಕ್ಕೆ ತಗುಲಿದೆ. ಸಕ್ಕರೆ ಕಾಯಿಲೆಯ ಕಾಲು, ನೋವು ಗೊತ್ತಾಗಿಲ್ಲ. ಗೊತ್ತಾದ ಮೇಲೂ ಅದನ್ನು ಬೂಟಿನೊಳಗೆ ತೂರಿಸಿ ತಿರುಗಿದ್ದಾನೆ. ಕಾಖೇತಿಯ ಗಂಡಸರಿಗೆ ಆಸ್ಪತ್ರೆ ಎಂದರೆ ಸೋತವರ ಜಾಗ. ಕೊನೆಗೆ ಜ್ವರ ಬಂದು ತೋಟದಲ್ಲೇ ಬಿದ್ದ ಮೇಲೆ ಹತ್ತಿರದ ತೆಲಾವಿ ಪಟ್ಟಣದ ಆಸ್ಪತ್ರೆಗೆ ಹೊತ್ತೊಯ್ದರು. ಅಲ್ಲಿಯ ಸರ್ಜನ್ ಬಾದ್ರಿ ಒಳ್ಳೆಯ ಮನುಷ್ಯ, ಸುಳ್ಳು ಹೇಳುವವರಲ್ಲ. "ಮೂಳೆಗೆ ಇಳಿದಿದೆ ಕಣಮ್ಮ. ಯಾವ ಔಷಧಿಗೂ ಬಗ್ತಿಲ್ಲ. ಮಂಡಿ ಕೆಳಗೆ ತೆಗೆದ್ರೆ ಜೀವ ಉಳಿಯತ್ತೆ," ಎಂದರು.

ದೊಡ್ಡಪ್ಪ ಮಲಗಿದಲ್ಲೇ ಗುಡುಗಿದ. "ಕಾಲು ತೆಗೀಬೇಕು ಅಂತಿದ್ರೆ ಮೊದ್ಲು ಕುತ್ತಿಗೆ ತೆಗೀರಿ! ನಮ್ಮ ತೋಟ ಇರೋದು ಗುಡ್ಡದ ಮೇಲೆ. ಒಂಟಿ ಕಾಲಲ್ಲಿ ಅಲ್ಲಿಗೆ ಯಾರು ಹತ್ತಾರು, ನಿಮ್ಮಪ್ಪನಾ?"

"ನಮ್ಮಪ್ಪ ತೀರಿಕೊಂಡು ಬಹಳ ಕಾಲ ಆಯ್ತು, ಯಜಮಾನ್ರೇ," ಎಂದರು ಬಾದ್ರಿ, ಬೇಸರಿಸದೆ.

ನಾನು ಫೇಜ್ ವಿಷಯ ಎತ್ತಿದಾಗ ದೊಡ್ಡಪ್ಪ ತಕ್ಷಣ ಒಪ್ಪಿದ್ದು ನನಗೇ ಆಶ್ಚರ್ಯ. ಹಿಂದೆ ನಾನು ಅವನ ಹೊಸ ಸಸಿಗಳಲ್ಲಿ ಅರ್ಧದಷ್ಟರ ಬೇರನ್ನು ಫೇಜಿನಲ್ಲಿ ಅದ್ದಿಸಿದ್ದಾಗ, "ಹುಳಕ್ಕೆ ಹುಳ ಬಿಡೋ ಹುಚ್ಚಿ" ಎಂದು ಊರೆಲ್ಲಾ ಆಡಿಕೊಂಡು ನಕ್ಕಿದ್ದ. ಅದ್ದದ ಸಾಲಿನ ಬಳ್ಳಿಗಳು ಗಂಟು ಕಟ್ಟಿ ಒಣಗಿದ ಮೇಲೆ ನಗುವುದು ನಿಲ್ಲಿಸಿದ್ದ. ಈಗ, "ಬಳ್ಳಿಗೆ ಆದದ್ದು ನನಗೂ ಆಗ್ಲಿ. ನಾನೇನು ಬಳ್ಳಿಗಿಂತ ದೊಡ್ಡವನಾ?" ಎಂದ. ಬಾದ್ರಿ ಗಾಯದಿಂದ ಕೀವು ತೆಗೆದು ನನಗೆ ಕೊಟ್ಟರು. "ದ್ರಾಕ್ಷಿ ಕೊಯ್ಲು ಮುಗಿಯೋವರೆಗೂ ಕಾಯ್ತೀನಿ. ಜ್ವರ ಏರಿದ್ರೆ ಮಾತ್ರ ನನ್ನ ಕೈ ಕಟ್ಟಬೇಡಿ."

ಆ ಬ್ಯಾಕ್ಟೀರಿಯಾ ನಮ್ಮ ತಟ್ಟೆಗಳಲ್ಲಿ ಅಡ್ಡಿಯಿಲ್ಲದೆ ಬೆಳೆಯಿತು. ಎತೇರಿ ತಮ್ಮಲ್ಲಿದ್ದ ಫೇಜ್‌ಗಳನ್ನೆಲ್ಲಾ ಒಂದೊಂದಾಗಿ ಅದರ ಮೇಲೆ ಹನಿಸಿ ನೋಡಿದರು. ಅದು ಯಾವುದಕ್ಕೂ ಜಗ್ಗಲಿಲ್ಲ. "ಇದು ನಿಮ್ಮೂರಿನ ಕೊಟ್ಟಿಗೆ ಗಿರಾಕಿ. ಇದರ ವೈರಿನೂ ಅಲ್ಲೇ ಇರ್ತಾನೆ. ಅಲ್ಲಿಯ ಮೋರಿ ನೀರು ತರಿಸು," ಎಂದರು.

ಹಾಗೆ ತರಿಸಿದ್ದೇ ಈ ತೀರ್ಥ.

ನೀರಿನಲ್ಲಿ ಏನೂ ಸಿಗಲಿಲ್ಲ. ಫೇಜ್ ಇರಲಿ, ಬದುಕಿರುವ ಒಂದು ಬ್ಯಾಕ್ಟೀರಿಯಾವೂ ಇರಲಿಲ್ಲ. ಇನ್ನೊಂದು ಬಾಟಲಿ ತರಿಸಿದೆ. ಈ ಸಲ ಬಟ್ಟೆಗೆ ಕಸೂತಿ ಅಂಚು ಬೇರೆ. ಎತೇರಿ ಮುಚ್ಚಳ ತೆಗೆದು ಮೂಸಿದರು, ನನ್ನ ಕಡೆ ನೋಡಿದರು, ಮತ್ತೆ ಮೂಸಿದರು.

"ಗಿಡದ ಡಾಕ್ಟರಮ್ಮ, ಇದರಲ್ಲಿ ಚಹಾ ಮಾಡಬಹುದು. ನಿಮ್ಮ ದೊಡ್ಡಮ್ಮನ್ನ ಸ್ವಲ್ಪ ವಿಚಾರಿಸಿಕೋ."

ಫೋನ್ ಮಾಡಿದೆ.

"ದೊಡ್ಡಮ್ಮಾ, ನೀನು ಕಳಿಸಿದ್ದು ಮೋರಿ ನೀರೇ ತಾನೇ?"

"ಮತ್ತಿನ್ನೇನು, ಪನ್ನೀರಾ?" ಎಂದಳು ಲಮಾರಾ ದೊಡ್ಡಮ್ಮ.

"ವಾಸನೆಯೇ ಇಲ್ವಲ್ಲ."

"ನಮ್ಮನೆ ಮೋರಿ ಹಾಗೇ. ಪಕ್ಕದ ಮನೆ ಝುಝುನಾಳದ್ದಾಗಿದ್ರೆ ನಿಮ್ಮ ತಿಬಿಲಿಸಿವರೆಗೂ ನಾರ್ತಿತ್ತು."

"ನಿಜ ಹೇಳು. ಅದಕ್ಕೇನು ಮಾಡ್ದೆ?"

"ಏನ್ ಮಾಡ್ಲಿ? ಏನೂ ಮಾಡ್ಲಿಲ್ಲ. ಕಸಕಡ್ಡಿ ಇತ್ತು ಅಂತ ಬಟ್ಟೇಲಿ ಸೋಸ್ದೆ."

"ಅಷ್ಟೇನಾ?"

ಆಮೇಲೆ ಮೆಲ್ಲಗೆ, "ಒಂದು ಕುದಿ ಬರಿಸ್ದೆ," ಎಂದಳು.

"ಅಯ್ಯೋ ದೊಡ್ಡಮ್ಮಾ!"

"ಏನು ಅಯ್ಯೋ? ಅಷ್ಟು ಓದಿದೋರ ಮುಂದೆ ನಮ್ಮನೆ ಗಲೀಜು ತಗೊಂಡ್ಹೋಗಿ ಇಡ್ತಾರಾ ಯಾರಾದ್ರೂ? ಶಾಕ್ರೋ ಮನೆಯೋರು ಇಂಥಾ ನೀರು ಕಳಿಸಿದ್ರು ಅಂತ ನಾಳೆ ಅವರು ಆಡಿಕೊಳ್ಳಲ್ವಾ? ಅದೂ ಅಲ್ದೆ ನೀನು ಮುಟ್ತೀಯ, ಮೂಗಿನ ಹತ್ರ ಹಿಡೀತೀಯ. ಏನಾದ್ರೂ ಅಂಟಿಕೊಂಡ್ರೆ ನಿನ್ನ ಯಾರು ನೋಡ್ತಾರೆ?"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನಮ್ಮ ಜನವೇ ಹೀಗೆ. ಮನೆಗೆ ಕಳ್ಳ ನುಗ್ಗಿದರೂ ಅವನು ಕೂರುವ ಕುರ್ಚಿಯ ಧೂಳು ಒರೆಸಿಯೇ ಕಿರುಚುತ್ತಾರೆ. ಪರರ ಕಣ್ಣಿಗೆ ಬೀಳುವ ಯಾವುದೂ ಕೊಳಕಾಗಿರಕೂಡದು, ಅದು ಮೋರಿಯೇ ಆದರೂ ಸರಿ. ದೊಡ್ಡಮ್ಮನಂತೂ ಈ ವಿಷಯದಲ್ಲಿ ಊರಿಗೇ ಮೇಲು. ಅವಳ ಅಂಗಳದಲ್ಲಿ ಕೋಳಿಗಳೂ ಕಾಲು ಒರೆಸಿಕೊಂಡು ನಡೆಯುತ್ತವೆ ಎಂದು ದೊಡ್ಡಪ್ಪನೇ ಹಾಸ್ಯ ಮಾಡುತ್ತಿದ್ದ. ಕುದಿಸಿದರೆ ಫೇಜ್ ಸಾಯುತ್ತದೆ ಎಂದು ನಾನು ಮೊದಲೇ ಹೇಳಬಹುದಿತ್ತು. ಮೋರಿ ನೀರನ್ನು ಕುದಿಸುವವರು ಇರುತ್ತಾರೆ ಎಂದು ಯಾರು ಕಂಡಿದ್ದರು?

"ನಾನೇ ಬರ್ತೀನಿ. ನಾನೇ ಮೊಗೆದುಕೊಳ್ತೀನಿ. ನೀನು ದಯವಿಟ್ಟು ಏನೂ ಮುಟ್ಟಬೇಡ," ಎಂದೆ.

"ಬಾ ಮಗಳೇ, ಬಾ. ಮೋರಿ ನೋಡೋಕೆ ಬರ್ತೀಯಾ?"

"ಹೂಂ, ಮೋರಿ ನೋಡೋಕೆ."

"ಆಯ್ತು," ಎಂದಳು. ಆ 'ಆಯ್ತು' ಕೇಳಿಯಾದರೂ ನನಗೆ ಬುದ್ಧಿ ಬರಬೇಕಿತ್ತು.

ಮರುದಿನ ಹೋದೆ. ಊರಿಗೆ ಊರೇ ಕೊಯ್ಲಿನಲ್ಲಿತ್ತು. ಬುಟ್ಟಿ ತುಂಬಿದ ಟ್ರಾಕ್ಟರುಗಳು ಬೀದಿಯಲ್ಲಿ ಸಾಲುಗಟ್ಟಿದ್ದವು, ಕಣಜಗಳು ಗುಂಯ್ ಎನ್ನುತ್ತಿದ್ದವು. ದೊಡ್ಡಪ್ಪನ ತೋಟದ ದ್ರಾಕ್ಷಿಯನ್ನು ನೆರೆಹೊರೆಯವರು ಸೇರಿ ಕೊಯ್ದುಕೊಡುತ್ತಿದ್ದರು. ದೊಡ್ಡಮ್ಮ ಅಕ್ರೋಟದ ಮರದ ಕೆಳಗೆ ಮೇಜು ಹಾಕಿ, ಚೀಸ್ ತುಂಬಿದ ರೊಟ್ಟಿ, ಬದನೆಕಾಯಿ ಸುರುಳಿ, ಬೇಯಿಸಿದ ಕೋಳಿ ಎಲ್ಲ ಹರವಿ ನಿಂತಿದ್ದಳು. ಗಂಡ ಆಸ್ಪತ್ರೆಯಲ್ಲಿದ್ದರೂ ಮೇಜಿನ ಮೇಲೆ ಒಂದು ತಟ್ಟೆ ಕಡಿಮೆಯಿರಲಿಲ್ಲ.

"ಮೊದ್ಲು ಮೋರಿ," ಎಂದೆ.

"ಮೊದ್ಲು ಒಂದು ತುತ್ತು."

"ದೊಡ್ಡಮ್ಮಾ!"

ಕರೆದುಕೊಂಡು ಹೋದಳು. ಕೊಟ್ಟಿಗೆ ದಾಟಿದ್ದೇ ನಿಂತುಬಿಟ್ಟೆ. ಮೋರಿಯ ತಳದ ಕಲ್ಲುಗಳು ಎಣಿಸುವ ಹಾಗೆ ಕಾಣುತ್ತಿದ್ದವು. ಉದ್ದಕ್ಕೂ ಬೆಳ್ಳಗೆ ಸುಣ್ಣ ಬಳಿದಿತ್ತು. ಈಜುಕೊಳದ ಹಾಗೆ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಬಡಿಯಿತು. ಹಂದಿಗೂಡನ್ನೂ ತೊಳೆದಿದ್ದಳು, ಹಂದಿ ಯಾರದೋ ಮನೆಗೆ ಬಂದ ಹಾಗೆ ಮೂಲೆಯಲ್ಲಿ ಮುದುಡಿ ನಿಂತಿತ್ತು.

"ನಿನ್ನೆಯಿಂದ ಸೊಂಟ ಬಿದ್ದುಹೋಗಿದೆ," ಎಂದಳು ದೊಡ್ಡಮ್ಮ, ಹೆಮ್ಮೆಯಿಂದ. "ಈಗ ಬೇಕಾದ್ರೆ ಪಾದ್ರಿಗಳನ್ನೇ ಕರೆದು ತೋರಿಸಬಹುದು."

ನನಗೆ ಮೈಯೆಲ್ಲಾ ಉರಿಯಿತು. ನಾನು ಸಿಟ್ಟಿನವಳು, ಅದನ್ನು ಬಚ್ಚಿಟ್ಟು ಏನು ಪ್ರಯೋಜನ. "ಏನೂ ಮುಟ್ಟಬೇಡ ಅಂದಿದ್ದೆ ತಾನೇ? ನಿನಗೆ ಬೇಕಾಗಿರೋದು ಮೋರಿನಾ, ಗಂಡನ ಕಾಲಾ? ದೊಡ್ಡಪ್ಪನ ಕಾಲಿಗೆ ಇದ್ದ ಒಂದೇ ಒಂದು ಮದ್ದನ್ನ ಸುಣ್ಣ ಹಾಕಿ ತೊಳೆದುಬಿಟ್ಟೆಯಲ್ಲ!" ಎಂದು ಕಿರುಚಿದೆ. ಬೀದಿಯಲ್ಲಿ ಟ್ರಾಕ್ಟರಿನ ಮೇಲಿದ್ದವರೂ ತಿರುಗಿ ನೋಡಿದರು.

ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಬಾದ್ರಿ.

"ಜ್ವರ ಮತ್ತೆ ಏರ್ತಾ ಇದೆ ಮಾಕವಾಲ. ವಾರದ ಕೊನೆವರೆಗೆ ನೋಡ್ತೀನಿ. ಅದಕ್ಕಿಂತ ಮುಂದೆ ಹೋದ್ರೆ ಕಾಲಲ್ಲ, ಮನುಷ್ಯನೇ ಹೋಗ್ತಾನೆ."

ಹೇಳಿದ್ದು ದೊಡ್ಡಮ್ಮನಿಗೂ ಕೇಳಿಸಿತು. ನಾನು ಬಾಟಲಿ ಎತ್ತಿಕೊಂಡು ಬೇಲಿಯ ಕಡೆ ನಡೆದೆ.

"ಎಲ್ಲಿಗೆ?"

"ಝುಝುನಾ ಮನೆಗೆ. ಅವರ ಮೋರಿ ನಾರ್ತಿದೆ ಅಂದ್ಯಲ್ಲ."

ಅವಳು ಓಡಿಬಂದು ಅಡ್ಡ ನಿಂತಳು. "ಝುಝುನಾಳ ಮೋರಿ ನೀರಿಂದ ನನ್ನ ಗಂಡ ಹುಷಾರಾಗಬೇಕಾ? ಅವಳು ಸಾಯೋವರೆಗೂ ಅದನ್ನೇ ಹೇಳ್ಕೊಂಡು ತಿರುಗ್ತಾಳೆ!"

"ಹೇಳ್ಕೊಳ್ಳಲಿ ಬಿಡು! ಜಾಗ ಬಿಡು ನೀನು."

ಬಿಡಲಿಲ್ಲ. ಬೇಲಿಯ ಗೂಟ ಹಿಡಿದು ನಿಂತೇ ಇದ್ದಳು. ನನ್ನನ್ನು ನೋಡದೆ ಕೇಳಿದಳು: "ಗಾಯದ ಕೊಳೆ ಸೇರಿದ ನೀರಾದ್ರೆ ಆಗತ್ತಾ?"

"ಅಂದ್ರೆ?"

"ಅದೇ ಕಣೇ. ಅವರ ಕಾಲಿಂದು."

"ಅದಕ್ಕಿಂತ ಒಳ್ಳೇದು ಯಾವುದಿದೆ? ಎಲ್ಲಿದೆ ಅದು?"

ಅವಳು ಮನೆಯ ಹಿಂಭಾಗಕ್ಕೆ ನಡೆದಳು. ಒಲೆಯ ಸೌದೆ ಒಟ್ಟಿದ ಗೋಡೆಯ ಹಿಂದೆ, ಯಾರೂ ಹೋಗದ ಕಡೆ, ಹಲಗೆ ಮುಚ್ಚಿದ ಒಂದು ಗುಂಡಿ. ಹಲಗೆಯ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಪುದೀನದ ಕುಂಡಗಳು. ಕುಂಡಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಚಪ್ಪಡಿ ಸರಿಸಲು ನಾನು ಕೈಕೊಟ್ಟೆ. ಹಲಗೆ ಎತ್ತಿದಾಗ ಬಂದ ನಾತಕ್ಕೆ, ಇಪ್ಪತ್ತು ವರ್ಷದಿಂದ ಕೊಳಚೆ ಮೂಸುವ ನಾನೂ ಹಿಂದೆ ಸರಿದೆ.

"ನೋಡಬೇಡ," ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಬೇಸಿಗೆಯುದ್ದಕ್ಕೂ ಅವಳು ಆ ಗಾಯದ ಬಟ್ಟೆಗಳನ್ನು ಅಲ್ಲಿ ತೊಳೆದಿದ್ದಳು. ಶಾಕ್ರೋನ ಕಾಲು ಕೊಳೆಯುತ್ತಿದೆ ಎಂದು ಊರಿಗೆ ಗೊತ್ತಾಗಬಾರದು ಎಂಬುದು ದೊಡ್ಡಪ್ಪನ ಕಟ್ಟಪ್ಪಣೆ. ಬಟ್ಟೆಯನ್ನು ಅಂಗಳದ ತಂತಿಯ ಮೇಲೆ ಹಾಕಿದರೆ ಜನ ಕೇಳುತ್ತಾರೆ, ಮೋರಿಗೆ ನೀರು ಬಿಟ್ಟರೆ ಝುಝುನಾ ಮೂಸುತ್ತಾಳೆ. ಹಾಗಾಗಿ ನಸುಕಿನಲ್ಲೇ ಎದ್ದು ಇಲ್ಲಿ ತೊಳೆದು, ಅಟ್ಟದ ಮೇಲೆ ಒಣಗಿಸಿ, ಮತ್ತೆ ಕಟ್ಟುತ್ತಿದ್ದಳು. ಅವನಿಗೆ ಮಾತ್ರ, ಹಳೆಯ ಬಟ್ಟೆಗಳನ್ನು ಒಲೆಗೆ ಹಾಕಿಬಿಟ್ಟೆ, ಇದು ಹೊಸದು ಎನ್ನುತ್ತಿದ್ದಳು. ಹೊಸದೆಂದರೆ ಗಾಯ ಅಷ್ಟೇನೂ ಸೋರುತ್ತಿಲ್ಲ ಎಂದು ಅವನು ನಂಬಲಿ ಎಂದು.

"ನಾತ ಬರ್ತಿದೆಯಾ ಲಮಾರಾ ಅಂತ ದಿನಾ ಕೇಳೋರು. ಇಲ್ಲ, ಎಲ್ಲಿ ಬರ್ತಿದೆ ಅಂತಿದ್ದೆ. ಏನ್ ಹೇಳ್ಲಿ ಹೇಳು? ಅಂಥ ಗಂಡಸು ಹಾಗೆ ಕೇಳೋವಾಗ." ಅಂಗೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಕ್ಷಾರದ ಸೋಪಿಗೆ ಬೆರಳ ಸಂದುಗಳು ಕೆಂಪಗೆ ಒಡೆದಿದ್ದವು. ಅದನ್ನು ನಾನು ಆವರೆಗೆ ನೋಡಿಯೇ ಇರಲಿಲ್ಲ. "ನಾನು ಸುಳ್ಳು ಹೇಳದೆ ಆಗ್ಲೇ ಆಸ್ಪತ್ರೆಗೆ ತಳ್ಳಿದ್ರೆ ಕಾಲು ಈ ಗತಿಗೆ ಬರ್ತಿತ್ತಾ, ಮಾಕೋ?"

ಬೇಗ ಬಂದಿದ್ದರೆ ಒಳ್ಳೆಯದಿತ್ತು, ಅದು ನಿಜ. ಆದರೆ ಶಾಕ್ರೋ ದೊಡ್ಡಪ್ಪನನ್ನು ತಳ್ಳಿ ಎಲ್ಲಿಗಾದರೂ ಕಳಿಸಿದವರು ಇನ್ನೂ ಹುಟ್ಟಿಲ್ಲ, ಅದೂ ನಿಜ. ಎರಡನೆಯದನ್ನು ಹೇಳಿದೆ. ಕಿರುಚಿದ್ದಕ್ಕೆ ನನಗೆ ನಾಚಿಕೆಯಾಗಿತ್ತು. ಅವಳ ಪಕ್ಕ ಕೂತು ಆ ಕೈಗಳನ್ನು ಹಿಡಿದುಕೊಂಡೆ. ತಿಂಗಳುಗಟ್ಟಲೆ ಅದೇ ಗುಂಡಿಗೆ ಅದೇ ಗಾಯದ ಕೊಳೆ. ಇಂಥ ಜಾಗವನ್ನು ಪ್ರಯೋಗಾಲಯದಲ್ಲಿ ನಾವು ಬೇಕೆಂದೇ ಕಟ್ಟಿದರೂ ಇಷ್ಟು ಚೆನ್ನಾಗಿ ಕಟ್ಟಲಾಗುವುದಿಲ್ಲ ಎಂದು ಅವಳಿಗೆ ಹೇಗೆ ಅರ್ಥಮಾಡಿಸಲಿ?

ಬಾಟಲಿ ತುಂಬಿಕೊಂಡೆ. ಕರ್ರಗಿತ್ತು. ಬಾಟಲಿಯ ಹೊರಮೈಯನ್ನಾದರೂ ಒರೆಸಿಕೊಡುತ್ತೇನೆ ಎಂದಳು, ಅಷ್ಟಕ್ಕೆ ಒಪ್ಪಿದೆ.

"ಅವರಿಗೆ ಹೇಳಬೇಡ," ಎಂದಳು ವ್ಯಾನ್ ಹತ್ತಿಸುವಾಗ. "ಎಲ್ಲಿಂದ ತಂದೆ ಅಂದ್ರೆ ನದಿಯಿಂದ ಅನ್ನು. ಊರಲ್ಲಿ ಯಾರಿಗೂ ಹೇಳಬೇಡ. ಆಣೆ ಮಾಡು."

ಆಣೆ ಮಾಡಿದೆ.

ಪ್ರಯೋಗಾಲಯದಲ್ಲಿ ಆ ನೀರನ್ನು ಸೋಸಿ, ಬ್ಯಾಕ್ಟೀರಿಯಾ ಹರಡಿದ ತಟ್ಟೆಗಳ ಮೇಲೆ ಬಿಟ್ಟು, ಬೆಚ್ಚನೆಯ ಪೆಟ್ಟಿಗೆಯೊಳಗಿಟ್ಟೆವು. ಇನ್ನು ಕಾಯುವುದೊಂದೇ ಕೆಲಸ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಎತೇರಿ ತಟ್ಟೆಯನ್ನು ಕಿಟಕಿಗೆ ಹಿಡಿದು ನಿಂತಿದ್ದರು, ಬಾಯಲ್ಲಿ ಹಚ್ಚದ ಸಿಗರೇಟು. ಬ್ಯಾಕ್ಟೀರಿಯಾ ಬೆಳೆದಲ್ಲೆಲ್ಲಾ ತಟ್ಟೆ ಮಬ್ಬಾಗಿತ್ತು. ಆ ಮಬ್ಬಿನ ನಡುವೆ, ಹಬೆ ಕೂತ ಕಿಟಕಿ ಗಾಜನ್ನು ಮಗು ಬೆರಳ ತುದಿಯಿಂದ ಅಲ್ಲಲ್ಲಿ ಒತ್ತಿದ ಹಾಗೆ, ದುಂಡನೆಯ ತಿಳಿ ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯಲ್ಲೂ ಫೇಜ್ ಕೂತು ಬ್ಯಾಕ್ಟೀರಿಯಾವನ್ನು ತಿಂದು ಖಾಲಿ ಮಾಡಿತ್ತು.

"ಯಾವ ಸ್ವರ್ಗದಿಂದ ತಂದೆ ಇದನ್ನ?" ಎಂದರು ಎತೇರಿ. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

"ನದಿಯಿಂದ," ಎಂದೆ.

"ಸುಳ್ಳಿ," ಎಂದರು. ಮತ್ತೆ ಕೇಳಲಿಲ್ಲ.

ಆ ಚುಕ್ಕೆಗಳಿಂದ ಫೇಜ್ ಎತ್ತಿ, ಹಗಲು ರಾತ್ರಿ ಕೂತು ಬೆಳೆಸಿ, ಶುದ್ಧಮಾಡಿ, ತುರ್ತಿಗೆ ಬೇಕಾದ ತಪಾಸಣೆಗಳನ್ನೆಲ್ಲಾ ಮುಗಿಸಿದೆವು. ಮೇಲಿನ ಮಹಡಿಯ ನನ್ನ ಬಳ್ಳಿಗಳಿಗೆ ಆ ದಿನಗಳಲ್ಲಿ ನೀರು ಹಾಕಿದವರು ಯಾರೋ ನನಗೆ ಗೊತ್ತಿಲ್ಲ. ತೆಲಾವಿಗೆ ಪುಟ್ಟ ಸೀಸೆಗಳನ್ನು ನಾನೇ ಒಯ್ದೆ. ಅದೇ ಡ್ರೈವರು. "ಇವತ್ತೇನಕ್ಕಾ?" ಎಂದ. "ತೀರ್ಥ," ಎಂದೆ. ಈ ಸಲ ನಂಬಿದ.

ಬಾದ್ರಿ ಗಾಯ ಬಿಡಿಸಿ, ಸತ್ತ ಮಾಂಸ ಕೆರೆದು, ಫೇಜಿನಲ್ಲಿ ನೆನೆಸಿದ ಬಟ್ಟೆ ತುಂಬಿದರು, ಜೊತೆಗೆ ಹಳೆಯ ಔಷಧಿಯನ್ನೂ ಮುಂದುವರಿಸಿದರು. ಮೊದಲು ಏನೂ ಕಾಣಲಿಲ್ಲ. ವಾರದ ಕೊನೆ ಬಂತು. ಬಾದ್ರಿ ಆಪರೇಷನ್ ಕೋಣೆಯನ್ನು ಸಿದ್ಧ ಮಾಡಿಸಿಯೇ ಇಟ್ಟಿದ್ದರು. ಆ ಬೆಳಿಗ್ಗೆ ದೊಡ್ಡಪ್ಪನ ಹಣೆ ಮುಟ್ಟಿದವಳು ದೊಡ್ಡಮ್ಮ. ಮುಟ್ಟಿದ ಕೈ ತೆಗೆಯದೆ, "ಡಾಕ್ಟ್ರೇ, ಸ್ವಲ್ಪ ನೀವೂ ಮುಟ್ಟಿ ನೋಡಿ, ನನ್ನ ಕೈ ಹೇಳಿದ್ದನ್ನ ನಾನು ನಂಬಲ್ಲ," ಎಂದಳು. ಬಾದ್ರಿ ಮುಟ್ಟಿದರು, ಥರ್ಮಾಮೀಟರ್ ಇಟ್ಟರು, ಆಮೇಲೆ ನರ್ಸಿಗೆ ಆಪರೇಷನ್ ಕೋಣೆಯ ದೀಪ ಆರಿಸಲು ಹೇಳಿದರು.

ಕಾಲಿನ ಎರಡು ಬೆರಳು ಹೋದವು. ಅವು ಉಳಿಯುವ ಹಾಗಿರಲಿಲ್ಲ. ಪಾದ ಉಳಿಯಿತು. ಆ ಚಳಿಗಾಲವಿಡೀ ದೊಡ್ಡಪ್ಪ ಮನೆಯಲ್ಲಿ ಕೂತು ಎಲ್ಲರ ಪ್ರಾಣ ಹಿಂಡಿದ.

ವಸಂತದಲ್ಲಿ, ನೆಲದಲ್ಲಿ ಹೂತ ಗುಡಾಣಗಳ ಬಾಯಿ ತೆರೆದು ಹೊಸ ದ್ರಾಕ್ಷಾರಸ ಮೊಗೆಯುವ ದಿನ, ಅವನು ನಮ್ಮನ್ನೆಲ್ಲ ಕರೆದ. ಬಾದ್ರಿ ಬಂದರು, ಎತೇರಿ ಬಂದರು, ನೆರೆಹೊರೆಯವರೆಲ್ಲ ಬಂದರು. ಝುಝುನಾ ಎಲ್ಲರಿಗಿಂತ ಮೊದಲೇ ಬಂದು ಒಳ್ಳೆಯ ಜಾಗ ಹಿಡಿದು ಕೂತಿದ್ದಳು. ಪಂಕ್ತಿಯ ಹಿರಿತನ ದೊಡ್ಡಪ್ಪನದೇ. ನಮ್ಮಲ್ಲಿ ಹಿರಿಯನಾದವನು ಸುಮ್ಮನೆ ಕುಡಿಯುವ ಹಾಗಿಲ್ಲ, ಪ್ರತಿ ಗ್ಲಾಸಿಗೂ ಯಾರನ್ನಾದರೂ ನೆನೆದು ಮಾತಾಡಬೇಕು. ದೊಡ್ಡಪ್ಪನಿಗೆ ಮಾತು ಸಿಕ್ಕರೆ ಕೇಳಬೇಕೇ? ದೇವರಿಗಾಯಿತು, ನಾಡಿಗಾಯಿತು, ತೀರಿಹೋದ ನಮ್ಮಪ್ಪನಿಗಾಯಿತು, ಡಾಕ್ಟರಿಗಾಯಿತು. ಊರುಗೋಲು ಪಕ್ಕಕ್ಕಿಟ್ಟುಕೊಂಡು ಕೂತೇ ಮಾತಾಡುತ್ತಿದ್ದ. ನಿಲ್ಲಬೇಡಿ ಎಂದು ಬಾದ್ರಿ ಹೇಳಿದ್ದರು.

"ಈಗ ಹೇಳು ಮಗಳೇ," ಎಂದ ನನ್ನ ಕಡೆ ತಿರುಗಿ. "ನನ್ನ ಕಾಲು ಉಳಿಸಿದ ಆ ಪುಣ್ಯಾತ್ಮನ್ನ ಎಲ್ಲಿಂದ ಹಿಡ್ಕೊಂಡು ಬಂದೆ?"

ದೊಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿದ್ದಳು, ಕೈಯಲ್ಲಿ ಬಿಸಿ ಮಾಂಸದ ತಟ್ಟೆ. ನಾನು ಅವಳತ್ತ ನೋಡಲಿಲ್ಲ.

"ನದಿಯಿಂದ, ದೊಡ್ಡಪ್ಪ. ನಮ್ಮ ಅಲಜಾನಿ ನದಿಯಿಂದ."

ಅಷ್ಟು ಸಾಕಾಯಿತು. ದೊಡ್ಡಪ್ಪ ಗ್ಲಾಸು ಎತ್ತಿ ಅಲಜಾನಿಯನ್ನು ಹಾಡಿ ಹೊಗಳಿದ. ಅದು ಹುಟ್ಟುವ ಬೆಟ್ಟ, ಅದು ಸಾಕಿದ ತೋಟ, ಅದರ ತಣ್ಣನೆಯ ನಿರ್ಮಲ ನೀರು, ನಮ್ಮ ಅಜ್ಜಂದಿರ ಬೆವರು ತೊಳೆದ ಆ ತಾಯಿ ಇವತ್ತು ನನ್ನ ಗಾಯವನ್ನೂ ತೊಳೆದಳು, ಎಂದೆಲ್ಲ. ಒಂದಿಬ್ಬರು ಕಣ್ಣೊರೆಸಿಕೊಂಡರು.

"ನಾನು ಮೊದ್ಲಿಂದ ಹೇಳ್ತಾನೇ ಇದ್ದೆ, ಆ ನೀರಲ್ಲಿ ಏನೋ ಇದೆ ಅಂತ," ಎಂದಳು ಝುಝುನಾ.

ಎಲ್ಲರೂ ಗ್ಲಾಸು ಬಾಯಿಗೆ ತರುತ್ತಿದ್ದ ಹಾಗೆ, "ಕೆಳಗಿಡಿ," ಎಂದಿತು ಒಂದು ದನಿ.

ದೊಡ್ಡಮ್ಮ ತಟ್ಟೆಯನ್ನು ಮೇಜಿನ ಮೇಲೆ ಧೊಪ್ಪನೆ ಇಟ್ಟಳು.

"ನದಿ ಏನ್ ತೊಳೀತು? ಬೇಸಿಗೆಯೆಲ್ಲಾ ತೊಳೆದೋಳು ನಾನು! ನದಿಗಂತೆ, ತಾಯಿಗಂತೆ!" ಅವಳ ಕೆನ್ನೆ ಕೆಂಪಾಗಿತ್ತು. "ಆ ಮದ್ದು ಬಂದಿದ್ದು ನಮ್ಮ ಹಿತ್ತಲ ಗುಂಡಿಯಿಂದ. ಸೌದೆ ಗೋಡೆ ಹಿಂದೆ ಇದೆ, ಬೇಕಾದೋರು ಹೋಗಿ ನೋಡ್ಕೊಳ್ಳಿ. ನಿಮ್ಮ ಗಾಯದ ಬಟ್ಟೆ ತೊಳೆದ ನೀರು ಅದು. ಒಂದು ಬಟ್ಟೆನೂ ನಾನು ಒಲೆಗೆ ಹಾಕಿಲ್ಲ."

ಝುಝುನಾಳ ಬಾಯಿ ತೆರೆದದ್ದು ತೆರೆದೇ ಇತ್ತು. ದೊಡ್ಡಪ್ಪ ಹೆಂಡತಿಯನ್ನೇ ನೋಡುತ್ತಿದ್ದ.

"ನಾತ ಇಲ್ಲ ಅಂತಿದ್ದೆಯಲ್ಲ ಲಮಾರಾ," ಎಂದ ಕೊನೆಗೆ.

"ಸುಳ್ಳು ಹೇಳ್ದೆ. ತಲೆ ತಿರುಗೋ ಹಾಗೆ ನಾರ್ತಿತ್ತು."

"ದಿನಾ?"

"ದಿನಾ."

ಮಾತಿಗೆ ಮಾತು ಪೋಣಿಸುವ ಆ ಮನುಷ್ಯನಿಗೆ ಮುಂದೆ ಮಾತು ಹೊರಡಲಿಲ್ಲ. ಆಮೇಲೆ ಗ್ಲಾಸನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದನ್ನು ಮೇಜಿಗೆ ಊರಿ, ನಿಧಾನವಾಗಿ ಎದ್ದು ನಿಂತ. ಊರುಗೋಲಿನ ಕಡೆ ನೋಡಲೂ ಇಲ್ಲ. ಮೇಜಿನಿಂದ ಕೈಯನ್ನೂ ತೆಗೆದ. ಎಡ ಪಾದ ಪೂರ್ತಿ ನೆಲಕ್ಕೂರಿ, ಹೆಂಡತಿಯ ಕಡೆ ಗ್ಲಾಸೆತ್ತಿ ನಿಂತ. ಬಾದ್ರಿ ಎದ್ದರು. ಎತೇರಿ ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು, ಕೊನೆಗೆ ಝುಝುನಾ ಕೂಡ.

ದೊಡ್ಡಮ್ಮ ಒಡೆದ ಕೈಗಳನ್ನು ಏಪ್ರನ್ನಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಎಲ್ಲರೂ ತನ್ನನ್ನೇ ನೋಡುವುದು ಅವಳಿಗೆ ಸಹಿಸಲಾಗಲಿಲ್ಲ.

"ಕೂತ್ಕೊಳ್ರೀ," ಎಂದಳು. "ಕಾಲು ನೋಯತ್ತೆ."

"ನೋಯ್ಲಿ," ಎಂದ ದೊಡ್ಡಪ್ಪ. ಕೂರಲಿಲ್ಲ.